ಲೇಖನದಲ್ಲಿಲ್ಲದ ಸಾಲು

ಆಗಸ್ಟ್ 13, ಬುಧವಾರ

ನಲವತ್ತೊಂದು ಪೇಪರಿನ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಗೇರಿ ಬಸ್ಸಿನಲ್ಲಿ ಬಂದೆ. ಒಂಬತ್ತನೇ ತರಗತಿ, ಕನ್ನಡ. ಕೊಟ್ಟ ಲೇಖನ ಓದಿ ಅದರ ಮೂರನೇ ಒಂದು ಭಾಗದಷ್ಟು ಸಾರಾಂಶ ಬರೆಯಬೇಕು, ಹತ್ತು ಅಂಕ. ಇಪ್ಪತ್ತಾರರೊಳಗೆ ಅಂಕ ಆನ್‌ಲೈನ್ ಏರಿಸಬೇಕು ಎಂದು ಹೆಡ್‌ಮಾಸ್ತರ ಎಬಿನೇಜರ್ ಸರ್ ಇವತ್ತೊಂದೇ ದಿನ ಮೂರು ಸಲ ನೆನಪಿಸಿದರು. ಗಣೇಶ ಚೌತಿಯ ರಜೆ ಬಂದರೆ ಟೀಚರುಗಳು ಕೈಗೆ ಸಿಗುವುದಿಲ್ಲವಂತೆ. ನಾನು ಎಲ್ಲಿಗೆ ಓಡಿಹೋಗುವವಳೋ ಅವರೇ ಹೇಳಬೇಕು.

ಲೇಖನ ಕಾರ್ಖಾನೆಯ ಸದ್ದಿನ ಬಗ್ಗೆ. ಯಾವುದೋ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದದ್ದು. ವರ್ಷಗಟ್ಟಲೆ ಗದ್ದಲದಲ್ಲಿ ಕೆಲಸ ಮಾಡಿದರೆ ಕಿವಿಯೊಳಗಿನ ಸಣ್ಣ ಕೂದಲು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಕಿವಿಗೆ ರಕ್ಷಣೆ ಬೇಕು, ವರ್ಷಕ್ಕೊಮ್ಮೆ ತಪಾಸಣೆ ಬೇಕು, ಇಷ್ಟೇ. ಇದನ್ನೇ ಆರಿಸಿದ್ದಕ್ಕೆ ವಿಶೇಷ ಕಾರಣವೇನೂ ಇಲ್ಲ. ಒಂದೇ ಪುಟದಲ್ಲಿ ಮುಗಿಯುತ್ತಿತ್ತು, ನಮ್ಮ ಹುಡುಗರ ಅಪ್ಪಂದಿರು ಅರ್ಧ ಮಂದಿ ತಾರಿಹಾಳಕ್ಕೋ ಗೋಕುಲ ರಸ್ತೆಗೋ ಕಾರ್ಖಾನೆ ಕೆಲಸಕ್ಕೆ ಹೋಗುವವರು, ತಿಳಿಯುತ್ತದೆ ಎಂದುಕೊಂಡೆ. ಹೋದ ಗುರುವಾರ ಕ್ಲಾಸಿನಲ್ಲಿ ಓದಿ ವಿವರಿಸಿದ್ದೆ, ನಿನ್ನೆ ಪರೀಕ್ಷೆಗೆ ಅದನ್ನೇ ಕೊಟ್ಟೆ. ಎಲ್ಲರೂ ಹೀಗೇ ಮಾಡುವುದು. ಹೊಸ ಲೇಖನ ಕೊಟ್ಟರೆ ರಿಸಲ್ಟ್ ಬಿದ್ದುಹೋಗಿ ಎಬಿನೇಜರ್ ಸರ್ ಮುಖ ನೋಡಲಾಗುವುದಿಲ್ಲ.

ಗಂಟಲು ನೋಯುತ್ತಿದೆ. ಇಪ್ಪತ್ತೇಳು ವರ್ಷ ಕ್ಲಾಸಿನಲ್ಲಿ ಕೂಗಿದ್ದು ಸಾಲದೆಂದು ಮೂರು ವರ್ಷದಿಂದ ಮನೆಯಲ್ಲೂ ಕೂಗು. ಬಾಗಿಲು ತೆಗೆಯುತ್ತಲೇ ಇವರು "ಚಹಾ ಇಡ್ಲೇನು?" ಅಂದರು. "ಬ್ಯಾಡ್ರಿ" ಅಂದೆ. ಇಟ್ಟರು. ಕುಡಿದೆ.

ಆಗಸ್ಟ್ 16, ಶನಿವಾರ

ಎಂಟು ಪೇಪರು ಆದವು. ಮುಖ್ಯ ವಿಚಾರಕ್ಕೆ ನಾಲ್ಕು, ಸ್ವಂತ ವಾಕ್ಯಕ್ಕೆ ಮೂರು, ಅಳತೆಗೆ ಎರಡು, ಅಕ್ಷರಕ್ಕೆ ಒಂದು. ಲೇಖನದಲ್ಲಿ ಇಲ್ಲದ್ದನ್ನು ಬರೆದರೆ ಎರಡು ಕಡಿತ. ಸಾರಾಂಶ ಎಂದರೆ ಇದ್ದದ್ದನ್ನು ಚಿಕ್ಕದಾಗಿ ಹೇಳುವುದು, ನಮ್ಮ ಮನಸ್ಸಿನ ಮಾತು ಸೇರಿಸುವುದಲ್ಲ ಎಂದು ಜೂನ್‌ನಿಂದ ಬಡಿದುಕೊಳ್ಳುತ್ತಿದ್ದೇನೆ. ಆದರೂ ಒಬ್ಬ ಕೊನೆಗೆ "ಆದ್ದರಿಂದ ಎಲ್ಲರೂ ಗಿಡ ನೆಡೋಣ" ಎಂದು ಬರೆದಿದ್ದಾನೆ. ಯಾವ ವಿಷಯ ಕೊಟ್ಟರೂ ಕೊನೆಗೊಂದು ಗಿಡ ನೆಟ್ಟೇ ಪೇಪರು ಬಿಡುವವನು ಅವನು.

ಅಂಕ ನಾನು ಹಾಕುತ್ತೇನೆ, ಕೂಡಿಸುವುದು ಇವರು. ನನ್ನ ಗಂಡ ಅಬ್ರಹಾಂ ತಾರಿಹಾಳದಲ್ಲಿ ತಗಡು ಬಡಿದು ಬಿಡಿಭಾಗ ಮಾಡುವ ಒಂದು ಶೀಟ್ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ದಿನಕ್ಕೆ ಅಂಥ ಎಷ್ಟು ನಗ ಹೊರಬಿದ್ದವು ಎಂದು ಬೆರಳಿನ ಮೇಲೆ ಇಡುತ್ತಿದ್ದವರಿಗೆ ನಾಲ್ಕು ಅಂಕಿ ಕೂಡಿಸುವುದು ಯಾವ ಮಹಾ ಕೆಲಸ. ನಿವೃತ್ತಿಯಾದ ಮೇಲೆ ತಾವಾಗಿಯೇ ಈ ಕೆಲಸ ಹಿಡಿದರು. ಬರೀ ಕೂಡಿಸಿ ಇಡುವುದಿಲ್ಲ, ಪ್ರತಿಯೊಂದನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಟಿವಿ ಕೇಳಿಸುವುದಿಲ್ಲ, ಓಣಿಯ ಮಾತು ಕೇಳಿಸುವುದಿಲ್ಲ. ಓದುವುದಕ್ಕೆ ಕಿವಿ ಬೇಡವಲ್ಲ.

ಕಿವಿಗೆ ಹಾಕುವ ಮಷಿನ್ ಇದೆ. ನಾಲ್ಕು ದಿನ ಹಾಕಿ ತೆಗೆದಿಟ್ಟರು. ಕುಕ್ಕರ್ ಸೀಟಿ ಹೊಡೆದರೆ ಮತ್ತೆ ಪ್ರೆಸ್ಸಿಗೆ ಹೋದಂತಾಗುತ್ತದಂತೆ. ಡಬ್ಬಿ ಶೋಕೇಸಿನಲ್ಲಿ ನಮ್ಮ ಮದುವೆ ಫೋಟೋದ ಹಿಂದೆ ಕೂತಿದೆ.

ಆಗಸ್ಟ್ 17, ಭಾನುವಾರ

ಚರ್ಚಿಗೆ, ಆರಾಧನೆಗೆ ಹೋಗಿ ಬಂದೆವು. ಸಭಾಪಾಲಕರು ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಇವರು ಸ್ಪೀಕರಿನ ಪಕ್ಕ ಕೂತರೂ ಕೇಳಿಸುವುದಿಲ್ಲ, ಆದರೆ ಕೀರ್ತನೆ ಮಾತ್ರ ಎಲ್ಲರಿಗಿಂತ ಅರ್ಧ ಸಾಲು ಮುಂದೆ ಜೋರಾಗಿ ಹಾಡುತ್ತಾರೆ. ಮುಂದಿನ ಬೆಂಚಿನ ಮಕ್ಕಳು ತಿರುಗಿ ನೋಡಿ ನಗುತ್ತಾರೆ.

ಬರುವಾಗ ದಾರಿಯಲ್ಲಿ ಎಂದಿನಂತೆ "ಪಾಸ್ಟರ್ ಏನಂದ್ರು?" ಅಂತ ಕೇಳಿದರು.

"ಕ್ಷಮಾ ಮಾಡ್ರಿ ಅಂದ್ರು."

"ಯಾರನ್ನ?"

"ಎಲ್ಲಾರನ್ನೂ!" ಎಂದು ಕೂಗಿದೆ. ಎಳನೀರಿನವನು ತಿರುಗಿ ನೋಡಿದ. ಮೊದಲೆಲ್ಲ ಬಸ್ ಸ್ಟಾಪಿನಿಂದ ಮನೆ ಮುಟ್ಟುವವರೆಗೆ ಪ್ರಸಂಗ ಪೂರ್ತಿ ಹೇಳುತ್ತಿದ್ದೆ, ನಡುವೆ ಇವರು ವಾದ ಹಾಕುತ್ತಿದ್ದರು. ಈಗ ಗಂಟಲೆಲ್ಲಿದೆ.

ಸಂಜೆ ಬೆಳಗಾವಿಯಿಂದ ಮಗಳು ಫೇಬಿಯ ಫೋನ್. ಇಪ್ಪತ್ತು ನಿಮಿಷ ಮಾತಾಡಿದಳು. ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾದದ್ದು, ಅತ್ತೆಯ ಮೊಣಕಾಲು, ಮಗು ಶಾಲೆಯಲ್ಲಿ ಯಾರನ್ನೋ ಕಚ್ಚಿ ಬಂದದ್ದು. ಇಟ್ಟ ಮೇಲೆ ಇವರು ನನ್ನ ಮುಖ ನೋಡಿದರು. "ಆರಾಮ ಅದಾಳಂತ" ಅಂದೆ. ತಲೆ ಆಡಿಸಿದರು.

ಆಗಸ್ಟ್ 19, ಮಂಗಳವಾರ

ಇವತ್ತು ತಲೆ ಕೆಟ್ಟಿತು.

ಶನಿವಾರದ ಎಂಟರಲ್ಲಿಯೇ ಒಂದು ಸಾಲು ಮತ್ತೆ ಮತ್ತೆ ಕಂಡಿತ್ತು. ಲೇಖನದಲ್ಲಿಲ್ಲ ಎಂದು ಎರಡೆರಡು ಅಂಕ ಕಡಿದು ಮುಂದೆ ಹೋಗಿದ್ದೆ. ಇವತ್ತು ಉಳಿದವನ್ನೆಲ್ಲ ಮುಗಿಸಿದರೆ, ನಲವತ್ತೊಂದರಲ್ಲಿ ಮೂವತ್ತೆಂಟು ಪೇಪರಿನಲ್ಲಿ ಅದೇ ಸಾಲು, ಅಕ್ಷರವೂ ಆಚೀಚೆ ಇಲ್ಲದೆ: "ಮೊದಲು ಒಬ್ಬರ ಕಿವಿ ಹೋಗುತ್ತದೆ, ಆಮೇಲೆ ಆ ಮನೆಯಲ್ಲಿ ಇನ್ನೊಬ್ಬರ ಬಾಯಿ ಹೋಗುತ್ತದೆ."

ಲೇಖನವನ್ನು ನಾಲ್ಕು ಸಲ ಓದಿದೆ. ಇಲ್ಲ. ಮೊಬೈಲಿನಲ್ಲಿ ಹುಡುಕಿದೆ. ಇಲ್ಲ. ಸಾಲೇನೋ ಚೆನ್ನಾಗಿಯೇ ಇದೆ, ಆದರೆ ಹದಿನಾಲ್ಕು ವರ್ಷದ ಹುಡುಗರಿಗೆ ಹೊಳೆಯುವಂಥದ್ದಲ್ಲ. ಯಾವನೋ ಎಲ್ಲಿಂದಲೋ ಎತ್ತಿ ಬರೆದ, ಉಳಿದವರು ಒಬ್ಬರಿಂದ ಒಬ್ಬರು ನಕಲು ಹೊಡೆದರು. ಪರೀಕ್ಷೆಯ ದಿನ ಕೊಠಡಿಯಲ್ಲಿ ಇದ್ದವಳು ನಾನೇ. ನನ್ನ ಕಣ್ಣೆದುರಿಗೇ ಮೂವತ್ತೆಂಟು ಮಂದಿ ನಕಲು ಹೊಡೆದರೂ ಗೊತ್ತಾಗಲಿಲ್ಲ ಅಂದರೆ ನಾನು ಕುರ್ಚಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆನೆಂದೇ ಅರ್ಥ. ಆ ಕೋಪವೇ ಹೆಚ್ಚು.

ಇವರು ಕೂಡಿಸಲು ಕೂತವರು ಹತ್ತು ಹನ್ನೆರಡು ಪೇಪರಿಗೇ ಎದ್ದರು. "ಕಣ್ಣ ನೋಯಾಕತ್ತಾವ" ಅಂದರು. ಕಣ್ಣೂ ಹೋಯಿತೇ ಇನ್ನು!

ಆಗಸ್ಟ್ 20, ಬುಧವಾರ

ಕ್ಲಾಸಿನಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದೆ. "ಇದನ್ನ ಮೊದಲ ಬರದಾವ್ರು ಯಾರು?" ಎಂದು ಕೇಳಿದೆ. ತಲೆ ತಗ್ಗಿಸುವುದು ಬಿಟ್ಟು ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕೂತರು. ಎಂಥ ಭಂಡ ಧೈರ್ಯ.

ನೂರಜಹಾನಳನ್ನು ಎಬ್ಬಿಸಿದೆ. ಕ್ಲಾಸ್ ಲೀಡರ್, ಮೊದಲ ಬೆಂಚು, ಪೇಪರು ಒಟ್ಟು ಮಾಡಿ ಕೊಟ್ಟವಳು ಅವಳೇ. ಅವಳ ಪೇಪರಿನಲ್ಲಿ ಆ ಸಾಲಿನ ಕೆಳಗೆ ಸ್ಕೇಲು ಇಟ್ಟು ಗೆರೆ ಬೇರೆ ಎಳೆದಿದ್ದಾಳೆ.

"ಕಾಪಿ ಮಾಡಿಲ್ರಿ ಟೀಚರ್."

"ಹಂಗಾರ ಎಲ್ಲಿಂದ ಬಂತು?"

"ಕ್ಲಾಸಿನ್ಯಾಗ ಕೇಳಿದ್ದರಿ."

"ಯಾರ ಹೇಳಿದ್ರು?"

ಕಣ್ಣಲ್ಲಿ ನೀರು ತುಂಬಿತು, ಆದರೆ ಹೆಸರು ಬರಲಿಲ್ಲ. ಎರಡು ಸಲ ಕೇಳಿದೆ. ಹಿಂದಿನ ಬೆಂಚಿನಿಂದ ಯಾರೋ ಏನೋ ಹೇಳಹೊರಟರೆ ಇವಳೇ ತಿರುಗಿ ಕಣ್ಣು ಬಿಟ್ಟು ಸುಮ್ಮನಾಗಿಸಿದಳು. ನನ್ನೆದುರಿಗೇ! ಲೀಡರ್ ಬ್ಯಾಡ್ಜ್ ಬಿಚ್ಚಿಸಿಕೊಂಡೆ. ಅವಳಿಗೆ ಸೊನ್ನೆ, ಆ ಸಾಲು ಬರೆದ ಉಳಿದವರಿಗೆ ಬಂದ ಅಂಕದಲ್ಲಿ ಅರ್ಧ ಎಂದೆ. ತಾಯಿಯನ್ನು ಕರೆದುಕೊಂಡು ಬಾ ಎಂದೆ. ಎಬಿನೇಜರ್ ಸರ್‌ಗೂ ಹೇಳಿದೆ. "ರಿಕಾರ್ಡಿನ್ಯಾಗ ನಕಲು ಅಂತ ಬರದ ಬಿಡ್ರಿ ಗ್ರೇಸ್ ಟೀಚರ್, ಉಳದಾವ್ರಿಗೆ ಪಾಠ ಆಗತೈತಿ" ಅಂದರು. ಇಪ್ಪತ್ತಾರರಂದು ಅಂಕದ ಜೊತೆಗೇ ಬರೆಯುತ್ತೇನೆ ಎಂದೆ.

ಸಾಕಾಗಿದೆ.

ಆಗಸ್ಟ್ 22, ಶುಕ್ರವಾರ

ನೂರಜಹಾನಳ ತಾಯಿ ಬಂದಿದ್ದರು. ಮೆತ್ತನೆಯ ಹೆಂಗಸು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ, ಜಗಳಕ್ಕೆ ಅವರು ಬಂದಿರಲೇ ಇಲ್ಲ.

"ಎರಡ ದಿನ ಆತ್ರಿ, ಸರಿಯಾಗಿ ಉಂಡಿಲ್ರಿ ಅಕಿ. ಯಾರು ಹೇಳಿಕೊಟ್ರು ಹೇಳಬೇ ಅಂದ್ರ ಹೇಳಂಗಿಲ್ರಿ. ಹೇಳಿದ್ರ ಅವ್ರ ಮರ್ಯಾದಿ ಹೋಗತೈತಿ ಅಂತಾಳ್ರಿ. ಯಾರದವಾ ಅಂಥಾ ಮರ್ಯಾದಿ ಅಂತ ನಾ ಬೈದ್ನಿರಿ." ಆಮೇಲೆ, "ರಿಕಾರ್ಡಿನ್ಯಾಗ ಬರದ್ರ ಅಳಸಾಕ ಬರತೈತೇನ್ರಿ ಟೀಚರ್?" ಎಂದು ಕೇಳಿದರು.

ಬರುವುದಿಲ್ಲ ಎಂದೆ. ಗೆಳತಿಯನ್ನು ಕಾಪಾಡುತ್ತಿದ್ದಾಳೆ ಹುಡುಗಿ, ಇನ್ನೇನು. ಈ ವಯಸ್ಸಿನಲ್ಲಿ ಗೆಳತಿಯೇ ದೇವರು. ಆದರೂ ಆ ತಾಯಿ ಮೆಟ್ಟಿಲು ಇಳಿಯುವುದನ್ನು ನೋಡಿ ಸಂಕಟವಾಯಿತು.

ಮನೆಯಲ್ಲಿ ಶೋಕೇಸ್ ಒರೆಸಿದ್ದಾರೆ ಕಾಣುತ್ತದೆ. ಮಷಿನ್ ಡಬ್ಬಿ ಫೋಟೋದ ಮುಂದಕ್ಕೆ ಬಂದಿದೆ. ಪೇಪರಿನ ಕಟ್ಟು ಮಾತ್ರ ಹಾಗೇ ಇದೆ, ಕೂಡಿಸಿಯೇ ಇಲ್ಲ. ಇನ್ನು ನಾಲ್ಕೇ ದಿನ ಇದೆ ಎಂದು ಕೈಬೆರಳು ತೋರಿಸಿದೆ. ಕೂಗಲು ಶಕ್ತಿ ಇರಲಿಲ್ಲ.

ಆಗಸ್ಟ್ 23, ಶನಿವಾರ

ಇದನ್ನು ಸಾವಧಾನವಾಗಿ ಬರೆಯಬೇಕು.

ಬೆಳಗಿನ ಶಾಲೆ. ಮೊದಲ ಪಿರಿಯಡ್ ಮುಗಿಸಿ ಸ್ಟಾಫ್‌ರೂಮಿಗೆ ಬಂದರೆ ವೃಂದಾ ಬಾಗಿಲಲ್ಲಿ ನಿಂತಿದ್ದಳು. ಆ ಸಾಲು ಬರೆಯದ ಮೂವರಲ್ಲಿ ಒಬ್ಬಳು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ, ಕ್ಲಾಸಿನಲ್ಲಿ ಹೊಗಳಿಯೂ ಆಗಿದೆ. ಆದರೂ ಮುಖ ಸಪ್ಪಗಿತ್ತು.

"ಟೀಚರ್, ಒಂದ ಕೇಳಬೇಕಿತ್ರಿ. ಎಲ್ಲಾರೂ ಬರದಾರಲ್ರಿ, ಬಾಯಿ ಹೋಗತದ ಅಂತ. ನಾ ಬರದಿಲ್ರಿ. ಅದು ಮುಖ್ಯ ವಿಚಾರದಾಗ ಬರತದೇನ್ರಿ? ವಾರ್ಷಿಕ ಪರೀಕ್ಷಾದಾಗ ನನ್ನ ಮಾರ್ಕ್ಸ್ ಕಟ್ ಆಗತಾವೇನ್ರಿ?"

"ಬರದಿಲ್ಲ, ಛಲೋ ಮಾಡೀದಿ. ಯಾಕ ಬರಿಲಿಲ್ಲ?"

"ನಾ ಆವತ್ತ ಬಂದಿರ್ಲಿಲ್ರಿ. ಜ್ವರ ಇತ್ರಿ. ನೀವು ಹೇಳಿದ್ದನ್ನ ನನಗ ಯಾರೂ ನೋಟ್ಸ್ ಕೊಡಲಿಲ್ರಿ."

ನಾನು ಹೇಳಿದ್ದು. ಅವಳನ್ನು ಕ್ಲಾಸಿಗೆ ಕಳಿಸಿದೆ. ಹಾಜರಿ ಪುಸ್ತಕ ತೆಗೆದೆ. ಆಗಸ್ಟ್ ಏಳು, ಗುರುವಾರ, ಒಂಬತ್ತನೇ ತರಗತಿ: ಗೈರುಹಾಜರು ಮೂವರು. ಆ ಮೂವರೇ.

ಎಷ್ಟು ನೆನಪು ಮಾಡಿಕೊಂಡರೂ ಮಾತು ಮಾತ್ರ ನೆನಪಿಗೆ ಬರುತ್ತಿಲ್ಲ. ಲೇಖನ ಓದಿದ್ದು ನೆನಪಿದೆ. ಫ್ಯಾನ್ ಕಿರುಗುಡುತ್ತಿತ್ತು. ಅಂದು ಬೆಳಿಗ್ಗೆ ಇವರಿಗೆ ನೀರು ಬಂತೆಂದು ಮೂರು ಸಲ ಕೂಗಿ, ಕೇಳಿಸದೆ, ಕೊನೆಗೆ ನಾನೇ ಕೊಡ ಎತ್ತಿಟ್ಟು ಬಸ್ಸಿಗೆ ಓಡಿದ್ದೆ. ಅದೂ ನೆನಪಿದೆ. ಆದರೆ ಆ ಸಾಲು? ಮಕ್ಕಳ ಮುಂದೆ ನಿಂತು ನನ್ನ ಮನೆಯ ಮಾತು ಆಡಿದೆನೆ? ಆಡಿದ್ದು ನಾನು, ಸೊನ್ನೆ ಆ ಹುಡುಗಿಗೆ. ಅವಳು ಎರಡು ದಿನ ಊಟ ಬಿಟ್ಟು ಕಾದದ್ದು ನನ್ನ ಮರ್ಯಾದೆಯನ್ನು. ನಾಚಿಕೆಯಿಂದ ಸ್ಟಾಫ್‌ರೂಮಿನಲ್ಲಿ ಯಾರ ಮುಖವನ್ನೂ ನೋಡಲಾಗಲಿಲ್ಲ. ನೂರಜಹಾನಳನ್ನು ಕರೆಸೋಣವೆಂದರೆ ಅವಳು ಇವತ್ತು ಶಾಲೆಗೆ ಬಂದಿರಲಿಲ್ಲ.

ಹನ್ನೆರಡೂವರೆಗೆ ಮನೆಗೆ ಬಂದೆ. ಇವರು ಟೇಬಲ್ಲಿಗೆ ಕೂತಿದ್ದರು, ಎದುರಿಗೆ ಪೇಪರಿನ ಕಟ್ಟು. ನನ್ನನ್ನು ಕಂಡು ಕೈಮಾಡಿ ಕೂರಿಸಿದರು.

"ಗ್ರೇಸ್, ಈ ಸಾಲು ಲೇಖನದಾಗ ಇಲ್ಲ. ಖರೇ. ಆದ್ರ ತಪ್ಪಿಲ್ಲ. ಮಾರ್ಕ್ಸ್ ಕಡಿಬ್ಯಾಡ."

ನಾನು ಬ್ಯಾಗು ಕೆಳಗಿಟ್ಟೆ.

"ಇದು ಹುಡುಗರ ಮಾತಲ್ಲ" ಅಂದರು. "ನಿಂದು."

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಕಿವಿಯ ಬಳಿ ಮತ್ತೆ ಕೇಳಿದೆ.

"ಹೋದ ಶನಿವಾರನ. ಐದನೇ ಪೇಪರ್ ಓದೂದ್ರಾಗ."

"ಮತ್ತ ಯಾಕ ಹೇಳಲಿಲ್ರಿ?"

"ನೀ ಹುಡುಗರಿಗೆ ಹೇಳಿದಿ. ನನಗ ಹೇಳತೀ ಅಂತ ಕಾಯಾಕತ್ತಿದ್ದೆ." ಕಟ್ಟಿನ ಮೇಲೆ ಕೈಯಿಟ್ಟು ಅಂದರು, "ಇವತ್ತ ಮುಂಜಾನೆ ಪೂರಾ ಓದಿದೆ. ಮೂವತ್ತೆಂಟು ಸಲ ಹೇಳಿದ್ರ ಕಿವುಡಗೂ ಕೇಳಸ್ತೈತಿ."

ಅಳು ಬಂತು. ಸಿಟ್ಟೂ ಬಂತು. ಮೂರು ವರ್ಷ ಮಷಿನ್ ಹಾಕದೆ ಕೂತವರು ಯಾರು, ನಾನೇ? ಅದನ್ನೂ ಹೇಳಿದೆ. ಇವರ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದೆ. ಮಷಿನ್ನು, ನೀರಿನ ಕೊಡ, ಬೇಡವೆಂದರೂ ಇಡುವ ಚಹಾ, ಎಲ್ಲ. ಪಕ್ಕದ ಮನೆಯ ಲಕ್ಷ್ಮೀಬಾಯಿ ಕುಕ್ಕರ್ ಆರಿಸಿ ಕಿಟಕಿಗೆ ಬಂದದ್ದು ಕಾಣಿಸಿತು. ಬರಲಿ ಎಂದೆ. ಇವರು ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ, "ಚಹಾ ಬ್ಯಾಡ ಅಂದಿದ್ದಿ ಏನು?" ಅಂತ ಕೇಳಿದರು.

ಆಮೇಲೆ ಇಬ್ಬರೂ ಕೂತು ನಲವತ್ತೊಂದೂ ಪೇಪರಿನ ಅಂಕ ಮತ್ತೆ ಹಾಕಿದೆವು.

ಆಗಸ್ಟ್ 25, ಸೋಮವಾರ

ಕ್ಲಾಸಿನಲ್ಲಿ ಹೇಳಿದೆ: ಆ ಮಾತು ನಂದು, ಯಾರೂ ನಕಲು ಮಾಡಿಲ್ಲ, ನಾನೇ ಮರೆತಿದ್ದೆ, ತಪ್ಪು ನನ್ನದು. ಇಪ್ಪತ್ತೇಳು ವರ್ಷದಲ್ಲಿ ಕ್ಲಾಸಿನ ಮುಂದೆ ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು. ಆಕಾಶವೇನೂ ಬೀಳಲಿಲ್ಲ. ಗಿಡ ನೆಡುವವನು ಚಪ್ಪಾಳೆ ತಟ್ಟಲು ಹೋದ, ಕಣ್ಣು ಬಿಟ್ಟೆ, ಕೂತ.

ಬ್ಯಾಡ್ಜನ್ನು ನಾನೇ ನೂರಜಹಾನಳಿಗೆ ಹಾಕಿದೆ. ಪಿನ್ನು ಸರಿಯಾಗಿ ಸಿಗಲಿಲ್ಲ, ಅವಳೇ ಹಿಡಿದುಕೊಂಡಳು.

"ಅವತ್ತ ಯಾಕ ಹೇಳಲಿಲ್ಲವಾ, ನೀವ ಹೇಳಿದ್ರಿ ಅಂತ?"

"ಎಲ್ಲಾರ ಮುಂದ ಹೆಂಗ ಹೇಳೂದ್ರಿ ಟೀಚರ್."

"ಅಷ್ಟೂ ಮಂದಿ ಅದೊಂದ ಸಾಲು ಯಾಕ ಬರಕೊಂಡ್ರಿ?"

"ನೀವು ಮುಖ್ಯ ಇದ್ದದ್ದು ಹೇಳಿದ ಮ್ಯಾಲೆ ನಿಂದರತೀರಲ್ರಿ, ನಾವು ಬರಕೊಳ್ಳಲಿ ಅಂತ. ಅವತ್ತ ಅದನ್ನ ಹೇಳಿ ಭಾಳ ಹೊತ್ತು ನಿಂತಿದ್ರಿ. ಕಿಟಕಿ ಕಡೆ ನೋಡಕೋತ. ಭಾಳ ಮುಖ್ಯ ಇರಬೇಕಂತ ನಾವು ಬರಕೊಂಡು, ಗೆರಿ ಹೊಡದ್ವಿರಿ."

ಎಬಿನೇಜರ್ ಸರ್ ಹೊಸ ಅಂಕಪಟ್ಟಿ ನೋಡಿ, ಲೇಖನದಲ್ಲಿಲ್ಲದ್ದಕ್ಕೆ ಕಡಿತ ಎಲ್ಲಿ ಎಂದು ಕೇಳಿದರು. ಕ್ಲಾಸಿನಲ್ಲಿ ಕಲಿಸಿದ್ದೇ ಹಾಗೆ ಸರ್, ಎಂದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿ ಸಹಿ ಹಾಕಿದರು. ರಿಕಾರ್ಡಿನಲ್ಲಿ ಏನೂ ಬರೆಯಲಿಲ್ಲ. ಸಂಜೆ ನೂರಜಹಾನಳ ಮನೆಗೆ ಹೋಗಿ ಅವಳ ತಾಯಿಗೆ ಅಷ್ಟು ಹೇಳಿ ಬಂದೆ. ಚಹಾ ಕೊಟ್ಟರು. ಬೇಡವೆನ್ನಲಿಲ್ಲ.

ಆಗಸ್ಟ್ 31, ಭಾನುವಾರ

ಇವರು ಮಷಿನ್ ಹಾಕಿಕೊಂಡು ಆರಾಧನೆಗೆ ಬಂದರು. ಕೀರ್ತನೆ ಎಲ್ಲರ ಜೊತೆಗೇ ಮುಗಿಸಿದರು. ಮುಂದಿನ ಬೆಂಚಿನ ಮಕ್ಕಳಿಗೆ ನಿರಾಸೆ. ಪ್ರಸಂಗ ಅರ್ಧ ಮಾತ್ರ ತಿಳಿಯಿತಂತೆ. ಬರುವ ದಾರಿಯಲ್ಲಿ ಗಣಪತಿ ಕಳಿಸುವ ಮೆರವಣಿಗೆ, ಎದೆ ಅದುರುವ ಡಾಲ್ಬಿ ಸ್ಪೀಕರಿನ ಸದ್ದು. ನಾವೆಲ್ಲ ಕಿವಿ ಮುಚ್ಚಿಕೊಂಡರೆ ಇವರು ಮಷಿನ್ ತೆಗೆದು ಜೇಬಿಗೆ ಹಾಕಿ, "ಎಲ್ಲಾರಕಿಂತ ನಾನ ಆರಾಮ ನೋಡು" ಎಂದು ನಕ್ಕರು.

ಉಳಿದರ್ಧ ಪ್ರಸಂಗ ನಾನು ಹೇಳಿದೆ. ಮೂರನೇ ಒಂದು ಭಾಗವಲ್ಲ, ಪೂರ್ತಿ. ಮನೆ ಮುಟ್ಟಿದರೂ ಮುಗಿಯಲಿಲ್ಲ, ಕಟ್ಟೆಯ ಮೇಲೆ ಕೂತೆವು. ಇವರು ವಾದ ಹಾಕಿದರು. ಫೇಬಿಯ ಮಗು ಯಾರನ್ನೋ ಕಚ್ಚಿದ್ದೂ ಮಾತಿಗೆ ಮಾತು ಬಂದು ಹೇಳಿದೆ. ಹದಿನೈದು ದಿನದ ಹಿಂದಿನ ಸುದ್ದಿ, ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಗಂಟಲು ಇನ್ನೂ ನೋಯುತ್ತದೆ. ಇನ್ನೂ ಏನೋ ಬರೆಯಬೇಕೆಂದು ಪೆನ್ನು ಹಿಡಿದು ಕೂತಿದ್ದೇನೆ. ಎಲ್ಲ ಹೇಳಿಯೇ ಮುಗಿದಿದೆ.